ಮೆಟ್ಟಿಲಲ್ಲಿ ಕೂಗಿದ ವಿಳಾಸ

"ಟೈಲರಮ್ಮ, ನಮ್ಮ ಬಾಗಿಲನ್ನ ಯಾರೋ ಬೆಳಿಗ್ಗೆಯಿಂದ ಒಂದೇ ಸಮನೆ ಬಡೀತಿದಾರೆ," ಎಂದಳು ನರ್ಸಕ್ಕ, ನನ್ನ ಅಂಗಡಿಯ ಮೇಜಿನ ಮೇಲೆ ಫೋನನ್ನು ಅಂಗಾತ ಇಟ್ಟು.

ನಾನು ಹಲ್ಲಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ. ತೆಗೆದು ಕೇಳಿದೆ. "ಯಾವ ಬಾಗಿಲು? ನಿನ್ನ ಮನೇದಾ?"

"ಮನೇದಾಗಿದ್ರೆ ಪೊರಕೆ ಹಿಡ್ಕೊಂಡು ನಾನೇ ವಿಚಾರಿಸ್ಕೋತಿದ್ದೆ. ವೆಬ್‌ಸೈಟಿಂದು ಕಣೇ. ನಾವು ಒಳಗೆ ಹೋಗ್ತೀವಲ್ಲ, ಆ ಲಾಗಿನ್ ಪುಟ. ಇವತ್ತಿನ ಫೋಟೋ ಹಾಕೋಣ ಅಂದ್ರೆ ತೆರೆಯೋದಕ್ಕೇ ಒಂದು ಯುಗ ಹಿಡೀತು. ಇದನ್ನೂ ಓದು."

ಓದಿದೆ. ನಮ್ಮ ಸೈಟಿಗೆ ಇಂಟರ್ನೆಟ್ಟಿನಲ್ಲಿ ಜಾಗ ಕೊಟ್ಟಿರುವ ಕಂಪನಿಯಿಂದ ಬಂದ ಸಂದೇಶ. ನಿಮ್ಮ ಲಾಗಿನ್ ಪುಟಕ್ಕೆ ಯಾರೋ ಎಡೆಬಿಡದೆ ಪಾಸ್‌ವರ್ಡ್ ಊಹಿಸಿ ಹಾಕುತ್ತಿದ್ದಾರೆ, ಇದರಿಂದ ಅಕ್ಕಪಕ್ಕದ ಸೈಟುಗಳಿಗೂ ತೊಂದರೆ, ಹೀಗೇ ಮುಂದುವರಿದರೆ ನಿಮ್ಮ ಸೈಟನ್ನು ಸ್ವಲ್ಪ ದಿನ ಮುಚ್ಚಬೇಕಾಗುತ್ತದೆ. ಮಾತು ಬಹಳ ಮರ್ಯಾದೆಯದು, ಆದರೆ ಅರ್ಥ ನೆಟ್ಟಗಿತ್ತು. ಬಡಿಯುವವನು ಬೇರೆ, ಮುಚ್ಚಿಸಿಕೊಳ್ಳುವವರು ನಾವು.

ಗುರುವಾರ ಲಿಫ್ಟ್ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವತ್ತು ಸೋಮವಾರ.

ಆ ಸೈಟಿನ ಕಥೆ ಹೇಳಿಬಿಡುತ್ತೇನೆ. ನಾನು ನೆಲಮಹಡಿಯಲ್ಲಿ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ, ಜಿಪ್ಪು ಬದಲಿಸುವ ಟೈಲರ್. ಮನೆ ಅದೇ ಕಟ್ಟಡದ ಆರನೇ ಮಹಡಿಯಲ್ಲಿ. ಅಂಗಡಿಗೊಂದು ಸೈಟು ಬೇಕೆಂದು ವಿಡಿಯೋ ನೋಡಿ ನೋಡಿ, ಕಟ್ಟಿ ಕೆಡವಿ, ಕೆಡವಿ ಕಟ್ಟಿ ಕಲಿತೆ. ಅಷ್ಟರಲ್ಲಿ ನಮ್ಮ ಲಿಫ್ಟ್ ಕೆಟ್ಟು ನಿಂತಿತು. 'ದುರಸ್ತಿಯಲ್ಲಿದೆ' ಎಂಬ ಬೋರ್ಡು ತಗುಲಿಹಾಕಿದರು. ದುರಸ್ತಿ ಮಾತ್ರ ತಿಂಗಳುಗಳಾದರೂ ಆಗಲಿಲ್ಲ. ಬೋರ್ಡಿನ ಬಣ್ಣ ಮಾಸಿತು, ಒಂದು ಮೂಲೆ ಕಿತ್ತು ಸುರುಳಿ ಸುತ್ತಿಕೊಂಡಿತು. ಆಗ ಕಟ್ಟಡಕ್ಕೂ ಒಂದು ಸೈಟು ಹೊಲಿದೆ. ಮೂರನೇ ಮಹಡಿಯ ನರ್ಸಕ್ಕ ಡ್ಯೂಟಿ ಮುಗಿಸಿ ಬರುತ್ತ ದಿನಾ ಬೆಳಿಗ್ಗೆ ಆ ಮುಚ್ಚಿದ ಲಿಫ್ಟಿನದೊಂದು ಫೋಟೋ ಹಾಕುತ್ತಾಳೆ. ಮನೆ ಮನೆಯವರು ಅದರ ಕೆಳಗೆ ಬರೆಯುತ್ತಾರೆ: ಗ್ಯಾಸ್ ಸಿಲಿಂಡರ್ ಹೊತ್ತು ಹತ್ತಿದ್ದು, ಮಗು ಮಲಗಿದ್ದ ಗಾಡಿಯನ್ನು ಎತ್ತಿಕೊಂಡು ಇಳಿದದ್ದು. ಬರೆದದ್ದನ್ನೆಲ್ಲ ಓದಿ, ಬೈಗುಳವನ್ನಷ್ಟೇ ತೆಗೆದು, ಉಳಿದದ್ದನ್ನು ಒಳಗೆ ಬಿಡುವ ಕೆಲಸ ನಮ್ಮ ಅತ್ತೆಯದು.

ಅತ್ತೆಗೆ ಸೊಂಟದ ಮೂಳೆ ಸವೆದಿದೆ. ಲಿಫ್ಟ್ ನಿಂತ ದಿನದಿಂದ ಕೆಳಗೆ ಇಳಿದಿಲ್ಲ. ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಅವರ ಹಳೆಯ ಗೆಳತಿ ಸಂಜೆ ಬಂದು ರಸ್ತೆಯಾಚೆಯ ಬೆಂಚಿನಲ್ಲಿ ಕೂರುತ್ತಾರೆ. ಇವರು ಕಿಟಕಿಯಲ್ಲಿ, ಅವರು ಬೆಂಚಿನಲ್ಲಿ, ಇಬ್ಬರ ಕಿವಿಯಲ್ಲೂ ಫೋನು. ಒಬ್ಬರನ್ನೊಬ್ಬರು ನೋಡುತ್ತಲೇ ಮಾತಾಡುತ್ತಾರೆ. ಜೈಲಿನಲ್ಲಿ ಗಾಜಿನಾಚೆ ಈಚೆ ಕೂತವರ ಹಾಗೆ ಕಾಣುತ್ತದೆ ನನಗೆ. ನನ್ನ ಗಂಡ ಹಡಗಿನಲ್ಲಿ ಅಡುಗೆಯವರು. ಊರಲ್ಲಿದ್ದಿದ್ದರೆ ಅಮ್ಮನನ್ನು ಹೊತ್ತಾದರೂ ಇಳಿಸುತ್ತಿದ್ದರೇನೋ. ಅತ್ತೆಯೇ ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು. "ನಾನೇನು ಬೀರುನಾ, ಹೊತ್ಕೊಂಡು ಇಳಿಸೋಕೆ?" ಅನ್ನುತ್ತಾರೆ.

ಅತ್ತೆಯ ಹೆಸರಲ್ಲಿ ಲಿಫ್ಟ್ ಇನ್‌ಸ್ಪೆಕ್ಟರಿಗೆ ನಾವು ಕೊಟ್ಟ ದೂರಿಗೆ ಕಟ್ಟಡದ ಮ್ಯಾನೇಜರ್ ಉತ್ತರ ಬರೆದಿದ್ದ: ಲಿಫ್ಟ್ ನಿಂತು ಒಂದು ವಾರವಷ್ಟೇ ಆಗಿದೆ, ಕೆಲಸ ನಡೆಯುತ್ತಿದೆ. ಇನ್‌ಸ್ಪೆಕ್ಟರ್ ನನಗೆ ಫೋನ್ ಮಾಡಿ, "ನಿಮ್ಮ ಮೊಬೈಲ್ ಫೋಟೋ ಯಾವತ್ತಿಂದು ಅಂತ ನಾನು ಹೇಗಮ್ಮ ನಂಬಲಿ? ಸೈಟಲ್ಲಿ ಅಂದಂದೇ ಹಾಕಿದ್ದು, ಕೆಳಗೆ ನಾಲ್ಕು ಜನ ಬರೆದದ್ದು ಇದೆಯಲ್ಲ, ಅದನ್ನ ನಾನೇ ಅಲ್ಲಿ ನಿಂತು ನೋಡ್ತೀನಿ. ತೆರೆದಿಟ್ಟಿರಿ," ಎಂದಿದ್ದರು. ಹಾಗಾಗಿ ಗುರುವಾರದವರೆಗೆ ಸೈಟು ಉಸಿರಾಡಲೇಬೇಕಿತ್ತು.

"ಅವನದೇ ಕೆಲಸ," ಎಂದಳು ನರ್ಸಕ್ಕ, ಗದ್ದದಿಂದಲೇ ಮ್ಯಾನೇಜರನ ಆಫೀಸಿನ ಕಡೆ ತೋರಿಸುತ್ತ.

"ಸಾಕ್ಷಿ?"

"ಸಾಕ್ಷಿ ಇದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ, ಸೀದಾ ಅವನ ಹತ್ರಾನೇ ಹೋಗ್ತಿದ್ದೆ."

ಮ್ಯಾನೇಜರ್ ತಾನೇ ಬಂದ, ಮಧ್ಯಾಹ್ನ. ಹೊಸ ಪ್ಯಾಂಟು ಹಾಕಿಕೊಂಡೇ ಬಂದಿದ್ದ. ಎರಡು ಬೆರಳು ಗಿಡ್ಡ ಮಾಡಬೇಕಂತೆ. ನಾನು ಅವನ ಕಾಲಬುಡದಲ್ಲಿ ಕೂತು ಅಂಚು ಮಡಚತೊಡಗಿದೆ.

"ಮೇಡಂ, ಆ ಸೈಟು ನಮ್ಮ ಕಟ್ಟಡದ ಹೆಸರಲ್ಲಿದೆ," ಎಂದ, ಗೋಡೆಯ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ. "ಅದರ ಪಾಸ್‌ವರ್ಡು ಆಫೀಸಲ್ಲಿರೋದು ಒಳ್ಳೇದು. ನಿಮಗ್ಯಾಕೆ ಸುಮ್ನೆ ಆ ತಲೆನೋವು?"

"ತಲೆ ನನ್ನದು, ನೋವೂ ನನ್ನದೇ ಇರ್ಲಿ ಸರ್. ಅಲ್ಲಾಡಬೇಡಿ, ಪಿನ್ನು ಚುಚ್ಚುತ್ತೆ."

"ಸ್ನೇಹದಿಂದ ಹೇಳ್ತಿದೀನಿ. ನಿಮ್ಮ ಅಂಗಡಿಯ ಒಪ್ಪಂದ ಮುಂದಿನ ತಿಂಗಳು ಮುಗಿಯುತ್ತೆ ಅಲ್ವಾ?"

ನಾನು ತಲೆ ಎತ್ತಿದೆ. ಕೈಯಲ್ಲಿ ನಾಲ್ಕು ಪಿನ್ನು, ಎದುರಿಗೆ ಅವನ ಕಣಕಾಲು. ಬುದ್ಧಿ ಕೈಯ ಕಡೆ ಓಡಿದ್ದು ಸುಳ್ಳಲ್ಲ.

"ಮುಗಿಯುತ್ತೆ. ಲಿಫ್ಟಿನ ರಿಪೇರಿ ಯಾವಾಗ ಮುಗಿಯುತ್ತೆ ಅದನ್ನ ಹೇಳಿ. ಹೆಸರು ಕಟ್ಟಡದ್ದೇ ಇರಬಹುದು ಸರ್, ಹೊಲಿಗೆ ನಂದು. ಬಿಚ್ಚೋದಾದ್ರೂ ನಾನೇ ಬಿಚ್ಚಬೇಕು, ನೀವಲ್ಲ. ಪ್ಯಾಂಟು ಬುಧವಾರ ತಗೊಳ್ಳಿ."

ಅವನು ಪ್ಯಾಂಟು ಬದಲಿಸಿ ಹೋದಮೇಲೆ ನಾನೂ ನರ್ಸಕ್ಕನೂ ಕಂಪ್ಯೂಟರಿನ ಮುಂದೆ ಕೂತೆವು. ನಮ್ಮ ಸೈಟು ಕಟ್ಟಿದ ಸಾಫ್ಟ್‌ವೇರಿನಲ್ಲೇ ಲೋಕದ ಲಕ್ಷಗಟ್ಟಲೆ ಸೈಟುಗಳನ್ನೂ ಕಟ್ಟಿದ್ದಾರೆ. ಎಲ್ಲದರ ಲಾಗಿನ್ ಪುಟವೂ ಒಂದೇ ಹೆಸರಿನ ವಿಳಾಸದಲ್ಲಿರುತ್ತದೆ, ರೆಡಿಮೇಡ್ ಅಂಗಿಯ ಜೇಬೆಲ್ಲ ಎಡ ಎದೆಯ ಮೇಲೇ ಇದ್ದ ಹಾಗೆ. ಕೈ ಹಾಕುವವನು ಹುಡುಕಬೇಕಾದ್ದೇ ಇಲ್ಲ. ಆದರೆ ಆ ಪುಟವನ್ನು ಬೇರೆ ವಿಳಾಸಕ್ಕೆ ಸರಿಸುವ ಉಪಾಯವಿದೆ. ಹಳೆಯ ವಿಳಾಸಕ್ಕೆ ಬಂದವನಿಗೆ 'ಇಂಥ ಪುಟ ಇಲ್ಲ' ಅನ್ನುತ್ತದೆ ಅಷ್ಟೆ.

"ಅಂದ್ರೆ ಬಾಗಿಲಿಗೆ ಗೋಡೆಯ ಬಣ್ಣಾನೇ ಬಳಿದ ಹಾಗೆ," ಎಂದಳು ನರ್ಸಕ್ಕ.

"ಹೂಂ. ಬೀಗಾನೂ ಗಟ್ಟಿ ಇರಬೇಕು ಮತ್ತೆ. ಬಚ್ಚಿಟ್ಟಿದೀವಿ ಅಂತ ಚಿಲಕ ಹಾಕದೆ ಬಿಡೋ ಹಾಗಿಲ್ಲ."

ಪಾಸ್‌ವರ್ಡನ್ನು ಉದ್ದ ಮಾಡಿದೆ. ಪುಟದ ಹೊಸ ವಿಳಾಸಕ್ಕೆ 'ಒಳಜೇಬು' ಎಂದು ಹೆಸರಿಟ್ಟೆ, ಇಂಗ್ಲಿಷ್ ಅಕ್ಷರಗಳಲ್ಲಿ. ನರ್ಸಕ್ಕನಿಗೆ ಹೇಳಿದೆ. ಮೇಲೆ ಹೋಗಿ ಅತ್ತೆಗೂ ಹೇಳಿದೆ. ಸಂಜೆಗೆ ಬಡಿತ ನಿಂತಿತು. ಯಾವ ವಿಳಾಸಕ್ಕೆ ಎಷ್ಟು ಜನ ಬಂದರು ಎಂಬುದು ನನಗೆ ಕಾಣುತ್ತದೆ. ಅವನು ಕಳಿಸಿದ ಯಂತ್ರವೋ ಮನುಷ್ಯನೋ, ಹಳೆಯ ಜಾಗವನ್ನೇ ತಡಕಿ ತಡಕಿ ಸೋತು ಸುಮ್ಮನಾಗಿತ್ತು. ಸೈಟು ಹಾಲು ಕುಡಿದ ಮಗುವಿನಂತೆ ತಣ್ಣಗಿತ್ತು. ನಾನೂ ಹಾಗೇ ಮಲಗಿದೆ.

ಮಂಗಳವಾರ ಬೆಳಿಗ್ಗೆ ಎಡವಟ್ಟಾಯಿತು.

ಲಿಫ್ಟ್ ನಿಂತಮೇಲೆ ನಮ್ಮಲ್ಲಿ ಒಂದು ಅಭ್ಯಾಸ ಬೆಳೆದಿದೆ. ಯಾರೂ ಒಂದು ಮಾತಿಗಾಗಿ ಮಹಡಿ ಹತ್ತುವುದಿಲ್ಲ. ಮೆಟ್ಟಿಲಿನ ನಡುವೆ ಮೇಲಿಂದ ಕೆಳಗಿನತನಕ ಬಾವಿಯ ಹಾಗೆ ತೆರವಿದೆ. ಕಟಕಟೆಗೆ ಬಂದು ಕೂಗಿದರೆ ಸಾಕು. ಸಕ್ಕರೆ ಇದೆಯಾ, ನೀರು ಬಂತಾ, ನಿಮ್ಮ ಮಗಳಿಗೆ ಜ್ವರ ಬಿಟ್ಟಿತಾ, ಎಲ್ಲ ಕೂಗಿನಲ್ಲೇ ನಡೆಯುತ್ತದೆ. ನಮ್ಮತ್ತೆ ಕಟಕಟೆಯ ಪಕ್ಕ ತಮ್ಮ ಹಸಿರು ಕುರ್ಚಿ ಹಾಕಿಕೊಂಡು ಅಲ್ಲೇ ದರ್ಬಾರು ನಡೆಸುತ್ತಾರೆ. ಇನ್ನೊಂದು ಮಾತು ಹೇಳದೆ ಬಿಟ್ಟಿದ್ದೆ: ಅತ್ತೆ ನಿವೃತ್ತಿಯವರೆಗೂ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು.

ನರ್ಸಕ್ಕ ಡ್ಯೂಟಿಯಿಂದ ಬಂದವಳು, ಕಣ್ಣಲ್ಲಿ ನಿದ್ದೆ, ಫೋಟೋ ಹಾಕಬೇಕು, ವಿಳಾಸ ಮರೆತಿದೆ. ಮೂರನೇ ಮಹಡಿಯಿಂದ ಕತ್ತು ಮೇಲೆತ್ತಿ ಕೂಗಿದಳು. "ದೊಡ್ಡಮ್ಮಾ! ಲಾಗಿನ್ ಪುಟದ ಹೊಸ ಹೆಸರು ಏನು?"

ಅತ್ತೆ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಆ ದನಿ ಬಂತು. ಹತ್ತು ಪ್ಲಾಟ್‌ಫಾರ್ಮಿನ ಗದ್ದಲವನ್ನು ಸೀಳಿಕೊಂಡು ಹೋಗುತ್ತಿದ್ದ, ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಇಟ್ಟಂಥ ದನಿ.

"ದಯವಿಟ್ಟು ಗಮನಿಸಿ. ಒಳಜೇಬು. ಓ, ಎಲ್, ಎ, ಜೆ, ಇ, ಬಿ, ಯು. ಮತ್ತೊಮ್ಮೆ ಹೇಳ್ತೀನಿ. ಓ, ಎಲ್, ಎ, ಜೆ, ಇ, ಬಿ, ಯು. ಯಾರಿಗೂ ಹೇಳಬೇಡ!"

ನಾನು ಕೆಳಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ಕೈ ಅಲ್ಲೇ ನಿಂತಿತು. ನಾಲ್ಕನೇ ಮಹಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೆಟ್ಟಿಲ ಬುಡದ ಆಫೀಸಿನ ಬಾಗಿಲು ಎಂದಿನಂತೆ ಅಗಲಕ್ಕೆ ತೆರೆದಿತ್ತು. ಒಳಗಿನಿಂದ ಕೀಬೋರ್ಡ್ ಕುಟ್ಟುವ ಸದ್ದು.

ಊಟದ ಹೊತ್ತಿಗೆ ಒಳಜೇಬಿನ ಮೇಲೆ ಬಡಿತ ಶುರುವಾಗಿತ್ತು. ಕಂಪನಿಯಿಂದ ಎರಡನೇ ಎಚ್ಚರಿಕೆಯೂ ಬಂತು, ಈ ಸಲ ಮರ್ಯಾದೆ ಸ್ವಲ್ಪ ಕಮ್ಮಿ: ನಾಳೆಯೊಳಗೆ ಸರಿಯಾಗದಿದ್ದರೆ ಮುಚ್ಚುತ್ತೇವೆ.

ಆರು ಮಹಡಿಯನ್ನು ಹೇಗೆ ಹತ್ತಿದೆನೋ. ಮೆಟ್ಟಿಲಿನುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ನಿಂತಾಗ ಉಸಿರೇ ಇರಲಿಲ್ಲ, ಇನ್ನು ಮಾತೆಲ್ಲಿ.

"ಕೂತ್ಕೋ, ನೀರು ಕುಡಿ, ಆಮೇಲೆ ಬೈ," ಎಂದರು ಅತ್ತೆ. ಲೋಟ ಸಿದ್ಧವಾಗಿಯೇ ಇತ್ತು. ಮುಖ ಸಣ್ಣದಾಗಿತ್ತು.

"ಅತ್ತೆ, ಗುಟ್ಟನ್ನ ಯಾರಾದ್ರೂ ಕೂಗಿ ಹೇಳ್ತಾರಾ?"

"ಕೂಗಲಿಲ್ಲ ಕಣೇ. ಹೇಳಿದ್ದು. ನಾನು ಹೇಳೋದೇ ಹಾಗೆ."

"ಎರಡು ಸಲ!"

"ಎರಡು ಸಲ ಹೇಳದಿದ್ರೆ ಜನ ತಪ್ಪು ರೈಲು ಹತ್ತುತಾರೆ." ಅಷ್ಟು ಹೇಳಿ ಅವರೇ ತುಟಿ ಕಚ್ಚಿದರು. "ತಪ್ಪಾಯ್ತು. ಆಯ್ತಾ? ಇನ್ನೊಂದು ತಿಂಗಳು ನಾನು ಇಲ್ಲೇ ಕೊಳೀತೀನಿ, ಬಿಡು."

"ಕೊಳೆಯೋಕೆ ನಾನು ಬಿಡಲ್ಲ." ದನಿ ನನಗೇ ಜೋರೆನಿಸಿತು. "ಅವನು ಲಿಫ್ಟೂ ಕೊಡಲ್ಲ, ದೂರೂ ಕೊಡೋಕೆ ಬಿಡಲ್ಲ, ಅಂಗಡೀನೂ ಕಿತ್ಕೋತಾನಂತೆ. ಹಾಗೆಲ್ಲ ನಾವು ಬಾಯಿ ಮುಚ್ಕೊಂಡು ಕೂರೋದಿಲ್ಲ ಅತ್ತೆ."

ಅತ್ತೆ ಕಿಟಕಿಯಾಚೆಯ ಖಾಲಿ ಬೆಂಚನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಕಣ್ಣಲ್ಲಿ ಬೇರೆಯೇ ಬೆಳಕಿತ್ತು.

"ಅಲ್ಲ, ಒಂದು ಮಾತು ಹೇಳು. ಆ ಹೆಸರು ಈ ಕಟ್ಟಡ ಬಿಟ್ಟು ಹೊರಗಿನವರಿಗೆ ಗೊತ್ತಿತ್ತಾ?"

"ಇಲ್ಲ. ಗೂಗಲ್ಲಿಗೂ ಗೊತ್ತಿಲ್ಲ."

"ಅಂದ್ರೆ ಬಡೀತಿರೋನು ನನ್ನ ದನಿ ಕೇಳಿಸ್ಕೊಂಡೋನು."

ನಾನು ಲೋಟ ಕೆಳಗಿಟ್ಟೆ. ಕೋಪದಲ್ಲಿ ಅಷ್ಟು ಹತ್ತಿರದ್ದು ನನಗೆ ಕಂಡೇ ಇರಲಿಲ್ಲ.

"ಹಾಗಾದ್ರೆ ಇನ್ನೊಂದು ಸಲ ಕೂಗ್ತೀನಿ," ಎಂದರು ಅತ್ತೆ. "ಈ ಸಲ ನೀನು ಹೇಳಿದ್ದನ್ನ ಕೂಗ್ತೀನಿ."

ಅವತ್ತು ಸಂಜೆಯೇ ನಿಜವಾದ ಲಾಗಿನ್ ಪುಟವನ್ನು ಮತ್ತೊಂದು ವಿಳಾಸಕ್ಕೆ ಸರಿಸಿದೆ. ಅದನ್ನು ನನ್ನೊಬ್ಬಳ ತಲೆಯಲ್ಲಿಟ್ಟುಕೊಂಡೆ. ಆಮೇಲೆ 'ಹಸಿರುಕುರ್ಚಿ' ಎಂಬ ವಿಳಾಸದಲ್ಲಿ ಬೇರೊಂದು ಪುಟ ಮಾಡಿದೆ. ಅದರಲ್ಲಿ ಹೆಸರು ಕೇಳುವ ಜಾಗವಿಲ್ಲ, ಪಾಸ್‌ವರ್ಡ್ ಕೇಳುವ ಜಾಗವೂ ಇಲ್ಲ. ಲಿಫ್ಟಿನ ಬಾಗಿಲಿನ ದೊಡ್ಡ ಫೋಟೋ, ಮೂಲೆ ಸುರುಳಿ ಸುತ್ತಿದ ಬೋರ್ಡಿನ ಸಮೇತ. ಕೆಳಗೆ ನಾಲ್ಕು ಸಾಲು:

'ಬಂದಿರಾ? ಬನ್ನಿ. ಈ ವಿಳಾಸವನ್ನು ನಮ್ಮ ಮೆಟ್ಟಿಲಲ್ಲಿ ಮಾತ್ರ ಹೇಳಿದ್ದು. ಬೇರೆ ಎಲ್ಲೂ ಇದು ಸಿಗುವುದಿಲ್ಲ. ಲಿಫ್ಟ್ ಯಾವಾಗ ಸರಿ ಮಾಡಿಸುತ್ತೀರಿ?'

ಮನೆ ಮನೆಯವರು ಆ ಪುಟ ತೆರೆಯಬಾರದಲ್ಲ, ಅದಕ್ಕೆ ನರ್ಸಕ್ಕ ಮಹಡಿ ಮಹಡಿ ಹತ್ತಿ ಪ್ರತಿ ಬಾಗಿಲಲ್ಲೂ ಕಿವಿಯಲ್ಲಿ ಹೇಳಿ ಬಂದಳು. ನಮ್ಮ ಕಟ್ಟಡದಲ್ಲಿ ಪಿಸುಮಾತಿನಲ್ಲಿ ಹಬ್ಬಿದ ಮೊದಲ ಸುದ್ದಿ ಇದೇ ಇರಬೇಕು. ಐದನೇ ಮಹಡಿಯ ಪ್ಲಂಬರ್ ಮಾವ, "ನೀನು ಪಿಸುಗುಟ್ಟಿದ್ದು ನೋಡಿ ಯಾರೋ ಹೋಗಿಬಿಟ್ರು ಅಂದ್ಕೊಂಡೆ," ಎಂದರಂತೆ.

ಬುಧವಾರ ಬೆಳಿಗ್ಗೆ ನರ್ಸಕ್ಕ ಮೂರನೇ ಮಹಡಿಯಲ್ಲಿ ನಿಂತು, ನಿನ್ನೆಗಿಂತ ಹೆಚ್ಚೇ ಆಕಳಿಸಿ, ಕೂಗಿದಳು. "ದೊಡ್ಡಮ್ಮಾ, ಮತ್ತೆ ಮರೆತೋಯ್ತು! ಇವತ್ತಿನ ಹೆಸರು?"

"ದಯವಿಟ್ಟು ಗಮನಿಸಿ," ಎಂದಿತು ಮೇಲಿನ ದನಿ. ಅತ್ತೆ ಹಸಿರುಕುರ್ಚಿಯನ್ನು ಒಂದೊಂದೇ ಅಕ್ಷರವಾಗಿ ಬಾವಿಯೊಳಗೆ ಇಳಿಬಿಟ್ಟರು. ಎರಡು ಸಲ. ಕೊನೆಗೆ, ಅನುಮಾನವೇ ಬೇಡವೆಂದು, ಮೂರನೇ ಸಲ. ನಾನು ಅಂಗಡಿಯ ಕಂಪ್ಯೂಟರಿನ ಮುಂದೆ ಪರದೆಯನ್ನೇ ನೋಡುತ್ತ ಕೂತಿದ್ದೆ.

ಟೀ ಆರುವುದರೊಳಗೆ ಆ ಪುಟಕ್ಕೆ ಒಬ್ಬರು ಬಂದರು. ಒಬ್ಬರೇ. ಬಂದರು, ಬಹಳ ಹೊತ್ತು ನಿಂತರು, ಹೋದರು. ಅಲ್ಲಿಗೆ ಎಲ್ಲ ಬಡಿತವೂ ನಿಂತುಹೋಯಿತು.

ಸಂಜೆ ಮ್ಯಾನೇಜರ್ ಪ್ಯಾಂಟಿಗೆ ಬಂದ. ಮಡಚಿ ಕೊಟ್ಟೆ. ಅವನು ಬಿಚ್ಚಿ ಅಂಚು ನೋಡುವ ಹಾಗೆ ಮಾಡಿದ, ಆದರೆ ನೋಡಲಿಲ್ಲ.

"ಮೇಡಂ, ಇದೆಲ್ಲ ತಮಾಷೆ ಚೆನ್ನಾಗಿರಲ್ಲ. ಆ ಹಸಿರುಕುರ್ಚಿ ಪುಟ ತೆಗೆದುಬಿಡಿ."

"ಯಾವ ಪುಟ ಸರ್?"

"ಅದೇ... ನಿಮ್ಮ ಸೈಟಿನದು."

"ನಮ್ಮ ಸೈಟಲ್ಲಿ ಅದಕ್ಕೆ ದಾರಿಯೇ ಇಲ್ವಲ್ಲ. ನಿಮಗೆ ಹೇಗೆ ಸಿಕ್ತು?"

ಅವನು ಬಾಯಿ ತೆರೆದ. ಹಿಂದೆ ಜಿಪ್ಪು ಬದಲಿಸಿಕೊಳ್ಳಲು ಕಾಯುತ್ತಿದ್ದ ಪ್ಲಂಬರ್ ಮಾವ ಕೆಮ್ಮಿದರು, ಬೇಕೆಂದೇ.

"ತೆಗೀತೀನಿ ಸರ್," ಎಂದೆ. "ಅದರಲ್ಲಿ ಕೇಳಿರೋ ಪ್ರಶ್ನೆಗೆ ಉತ್ತರ ಬಂದ ದಿನ."

"ಒಪ್ಪಂದ ಮರೀಬೇಡಿ."

"ಮರೆಯೋ ಜನ ಅಲ್ಲ ನಾವು. ದಿನಾ ಒಂದು ಫೋಟೋ ಹಾಕಿ ನೆನಪಿಟ್ಕೋತೀವಿ."

ಗುರುವಾರ ಇನ್‌ಸ್ಪೆಕ್ಟರ್ ಬಂದರು. ದಪ್ಪನೆಯ ಮನುಷ್ಯ. ಮ್ಯಾನೇಜರ್ ಅವರನ್ನು ಆಫೀಸಿನಲ್ಲೇ ಕೂರಿಸಿ ಮುಗಿಸಲು ನೋಡಿದ. ಆಗ ಮೇಲಿಂದ ಆ ದನಿ ಬಂತು. "ದಯವಿಟ್ಟು ಗಮನಿಸಿ. ದೂರು ಕೊಟ್ಟವಳು ಆರನೇ ಮಹಡಿಯಲ್ಲಿದಾಳೆ. ಅವಳಿಗೆ ಇಳಿಯೋಕಾಗಲ್ಲ. ವಿಚಾರಣೆ ಇಲ್ಲೇ ನಡೆಯುತ್ತೆ." ಇನ್‌ಸ್ಪೆಕ್ಟರ್ ಮೇಲೆ ನೋಡಿದರು, ನಿಟ್ಟುಸಿರು ಬಿಟ್ಟರು, ಹತ್ತಿದರು. ನಾಲ್ಕನೇ ಮಹಡಿಯಲ್ಲಿ ಕೋಟು ಬಿಚ್ಚಿ ಮ್ಯಾನೇಜರನ ಕೈಗೆ ಕೊಟ್ಟರು. ಮೇಲೆ ತಲುಪಿ ಅತ್ತೆಯ ಹಸಿರು ಕುರ್ಚಿಯಲ್ಲಿ ಕೂತು ನೀರು ಕುಡಿದು ಫೋನು ತೆಗೆದರು. ಸೈಟು ತಕ್ಷಣ ತೆರೆದುಕೊಂಡಿತು. ಅವರ ಹೆಬ್ಬೆರಳು ಸರಿಸುತ್ತಲೇ ಹೋಯಿತು. ಮುಚ್ಚಿದ ಬಾಗಿಲು, ಮುಚ್ಚಿದ ಬಾಗಿಲು, ಬೋರ್ಡು ಸ್ವಲ್ಪ ಹೊಸದು, ಇನ್ನೂ ಸ್ವಲ್ಪ ಹೊಸದು.

"ಒಂದು ವಾರ ಅಂತ ಬರೆದಿದೀರಲ್ರೀ?" ಎಂದರು.

"ಸರ್, ಈ ಫೋಟೋಗಳನ್ನೆಲ್ಲ ಯಾರು ಬೇಕಾದ್ರೂ..."

"ಫೋಟೋ ಬಿಡಿ. ನನ್ನ ಮೊಣಕಾಲನ್ನ ಕೇಳಿ."

ಹೋಗುವಾಗ ಇಳಿಯುವ ಪ್ರತಿ ಮಹಡಿಯಲ್ಲೂ ನಿಂತು ಏನೋ ಬರೆದುಕೊಂಡರು. ಕೊನೆಯ ಮೆಟ್ಟಿಲಲ್ಲಿ ನಿಂತು, ತಿಂಗಳೊಳಗೆ ಓಡದಿದ್ದರೆ ಮಾಲೀಕರನ್ನೇ ಕರೆಸುತ್ತೇನೆ ಎಂದದ್ದು ಬಾವಿಯಲ್ಲಿ ಎಲ್ಲ ಮಹಡಿಗೂ ಕೇಳಿಸಿತು.

ಸೋಮವಾರ ಇಬ್ಬರು ಮೆಕ್ಯಾನಿಕ್ಕುಗಳು ಬಂದು ಲಿಫ್ಟಿನ ಬಾಗಿಲು ಬಿಚ್ಚಿದರು. ನನ್ನ ಅಂಗಡಿಯ ಒಪ್ಪಂದದ ಮಾತು ಮಾತ್ರ ಹಾಗೇ ತೂಗುತ್ತಿದೆ. ತೂಗಲಿ. ಇನ್‌ಸ್ಪೆಕ್ಟರನ್ನು ಆರು ಮಹಡಿ ಹತ್ತಿಸಿದವರಿಗೆ ಅದೊಂದು ದೊಡ್ಡದಲ್ಲ.

ಅವತ್ತು ಸಂಜೆ ಅತ್ತೆಯ ಪಕ್ಕ ಕಟಕಟೆಗೆ ಒರಗಿ ನಿಂತಿದ್ದೆ. ಕೆಳಗೆ ಸುತ್ತಿಗೆಯ ಸದ್ದು.

"ಅತ್ತೆ, ನಿಜವಾದ ಪುಟದ ಹೆಸರು ಹೇಳ್ತೀನಿ, ಕಿವಿ ಕೊಡಿ."

"ಬೇಡವೇ. ನನ್ನ ಗಂಟಲ ಮೇಲೆ ನನಗೇ ನಂಬಿಕೆ ಇಲ್ಲ."

"ನೀವಿಲ್ದೆ ಆ ಬೈಗುಳನೆಲ್ಲ ಯಾರು ತೆಗೀತಾರೆ? ಗುಡ್ಡೆ ಬಿದ್ದಿದೆ. ಇಗೋ, ನಿಮ್ಮ ಫೋನಲ್ಲೇ ಒತ್ತಿ ತೋರಿಸ್ತೀನಿ."

ಒತ್ತಿ ತೋರಿಸಿದೆ. ಅತ್ತೆ ಕನ್ನಡಕ ಮೇಲೇರಿಸಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ನಿಮಗೂ ಹೇಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

"ಇದನ್ನ ಕೂಗಿದ್ರೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?" ಎಂದರು.

"ಅತ್ತೆ!"

"ಸುಮ್ನೆ ಅಂದೆ ಕಣೇ."

ಅವರು ಎದ್ದು ಕಟಕಟೆಯ ಮೇಲೆ ಎರಡೂ ಕೈ ಊರಿದರು. ಒಮ್ಮೆ ಗಂಟಲು ಸರಿಮಾಡಿಕೊಂಡರು, ಅಷ್ಟೆ. ಸುತ್ತಿಗೆಯ ಸದ್ದು ಅರೆಗಳಿಗೆ ನಿಂತಿತು. ಆರು ಮಹಡಿಯ ಕೆಳಗೆ, ಹಗಲಿಡೀ ಅಗಲಕ್ಕೆ ತೆರೆದಿರುತ್ತಿದ್ದ ಆಫೀಸಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿತ್ತು.